ಕಾಡು ಕಾಯುವವರ ಕೈಗೆ ನಕ್ಷೆ: ಕಲಿಸುವವರಿಗೊಂದು ಕೈಪಿಡಿ

ಅಭಿವೃದ್ಧಿಶೀಲ ದೇಶಗಳ ವನ್ಯಜೀವಿ ಸಂರಕ್ಷಕರಿಗೆ ನಕ್ಷೆ ತಯಾರಿಸುವುದನ್ನು ಕಲಿಸಲು ಹೊರಡುವವರು ಸಾಮಾನ್ಯವಾಗಿ ತಂತ್ರಾಂಶದ ಪರಿಚಯದಿಂದಲೇ ಪಾಠ ಆರಂಭಿಸುತ್ತಾರೆ. ನನ್ನ ಪ್ರಕಾರ ಈ ಕ್ರಮ ಸರಿಯಲ್ಲ. ಮೊದಲ ದಿನ ಕಂಪ್ಯೂಟರ್ ತೆರೆಯದೆ, ಗಸ್ತು ತಿರುಗುವವರನ್ನೂ ಅವರ ಮೇಲಧಿಕಾರಿಗಳನ್ನೂ ಒಟ್ಟಿಗೆ ಕೂರಿಸಿಕೊಂಡು, ನಕ್ಷೆ ನೋಡಿ ಯಾವ ತೀರ್ಮಾನ ಕೈಗೊಳ್ಳಬೇಕಾಗಿದೆ ಎಂದು ಕೇಳಿ. ‘ಉರುಳುಗಳು ಯಾವ ಭಾಗದಲ್ಲಿ ಹೆಚ್ಚು ಸಿಗುತ್ತಿವೆ, ನಮ್ಮ ಗಸ್ತು ಅಲ್ಲಿಗೆ ತಲುಪುತ್ತಿದೆಯೇ?’ ಎಂಬಷ್ಟು ಖಚಿತವಾದ ಪ್ರಶ್ನೆ ದೊರೆತರೆ, ಏನನ್ನು ದಾಖಲಿಸಬೇಕು, ಏನನ್ನು ಬಿಡಬೇಕು ಎಂಬುದು ಬಹುಮಟ್ಟಿಗೆ ಅಲ್ಲಿಯೇ ಇತ್ಯರ್ಥವಾಗುತ್ತದೆ.

ತಂತ್ರಾಂಶದ ಬೆಲೆ ಈಗ ದೊಡ್ಡ ಅಡ್ಡಿಯಲ್ಲ. ನಕ್ಷೆ ತಯಾರಿಸುವ ಕ್ಯೂಜಿಐಎಸ್ ಮುಕ್ತ ತಂತ್ರಾಂಶವಾದ್ದರಿಂದ ಪರವಾನಗಿ ಶುಲ್ಕವಿಲ್ಲ. 1972ರಿಂದ ಸಂಗ್ರಹವಾಗುತ್ತಾ ಬಂದಿರುವ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತ. ಸೆಂಟಿನೆಲ್-2 ಉಪಗ್ರಹಗಳು 10 ಮೀಟರ್‌ವರೆಗಿನ ಸ್ಪಷ್ಟತೆಯ ಚಿತ್ರಗಳನ್ನು ಒದಗಿಸುತ್ತವೆ. ನಿಜವಾದ ಅಡ್ಡಿ ಅಂತರಜಾಲ ಮತ್ತು ವಿದ್ಯುತ್ತಿನದು. ಒಂದು ಪೂರ್ಣ ಉಪಗ್ರಹ ಚಿತ್ರ ನೂರಾರು ಮೆಗಾಬೈಟ್ ಇರುವುದರಿಂದ, ಬೇಕಾದ ಕಾಡಿನ ಭಾಗವನ್ನಷ್ಟೇ ಮೊದಲೇ ಕತ್ತರಿಸಿ, ತಂತ್ರಾಂಶದ ಕಡತದೊಂದಿಗೆ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಕಂಡದ್ದನ್ನು ದಾಖಲಿಸಲು ಮೊಬೈಲಿನಲ್ಲಿ ಕ್ಯೂಫೀಲ್ಡ್‌ನಂಥ, ಸಂಪರ್ಕವಿಲ್ಲದೆಯೂ ನಡೆಯುವ ಆ್ಯಪ್ ಹಾಕಿಸಿ.

ದಾಖಲೆ ನಮೂನೆಯನ್ನು ರೂಪಿಸುವಾಗ ದಕ್ಷಿಣ ಆಫ್ರಿಕಾದ ಒಂದು ಪ್ರಯೋಗ ದಾರಿ ತೋರಿಸುತ್ತದೆ. ಹೆಜ್ಜೆಗುರುತು ನೋಡಿಯೇ ಪ್ರಾಣಿಯ ನಡೆಯನ್ನು ಹೇಳಬಲ್ಲ, ಆದರೆ ಅಕ್ಷರ ಬಾರದ ಜಾಡುಗಾರರಿಗಾಗಿ ಲೂಯಿ ಲೀಬೆನ್‌ಬರ್ಗ್ 1990ರ ದಶಕದಲ್ಲಿ ಸೈಬರ್‌ಟ್ರ್ಯಾಕರ್ ಎಂಬ ದಾಖಲೆ ತಂತ್ರಾಂಶ ರೂಪಿಸಿದಾಗ, ಪದಗಳ ಬದಲು ಚಿತ್ರಗಳನ್ನು ಬಳಸಿದರು. ಓದುಬರಹ ಬಲ್ಲವರಿಗೂ ಈ ಕ್ರಮ ಅನುಕೂಲವೇ. ಪ್ರಾಣಿಗಳಿಗೆ ಸ್ಥಳೀಯ ಹೆಸರುಗಳನ್ನೇ ಕೊಡಿ, ‘ನೇರವಾಗಿ ಕಂಡದ್ದು, ಲದ್ದಿ, ಹೆಜ್ಜೆ’ ಎಂಬಂಥ ಕೆಲವೇ ಆಯ್ಕೆಗಳನ್ನು ಇಡಿ, ಮತ್ತು ನಮೂನೆಯನ್ನು ಕೊಠಡಿಯಲ್ಲಲ್ಲದೆ ನಡುಹಗಲ ಬಿಸಿಲಿನಲ್ಲಿ ಪರೀಕ್ಷಿಸಿ.

ಸ್ಥಳ ಸೂಚಿಸುವ ಅಂಕಿಗಳಿಗೆ ಅರ್ಧ ದಿನವನ್ನೇ ಮೀಸಲಿಡುವುದು ಒಳ್ಳೆಯದು, ಏಕೆಂದರೆ ಹೆಚ್ಚಿನ ನಕ್ಷೆಗಳು ಕೆಡುವುದು ಇಲ್ಲಿಯೇ. ಉತ್ತರ ಅಕ್ಷಾಂಶ 12 ಡಿಗ್ರಿ 30 ನಿಮಿಷ ಎಂದರೆ ದಶಮಾಂಶದಲ್ಲಿ 12.5. ಅದನ್ನು ಯಾರಾದರೂ 12.30 ಎಂದು ಬರೆದರೆ, ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್‌ನಂತೆ ಲೆಕ್ಕ ಹಾಕಿದಾಗ, ಬಿಂದು 22 ಕಿಲೋಮೀಟರ್ ದಕ್ಷಿಣಕ್ಕೆ ಸರಿದು, ಕಾಡಿನಲ್ಲಿ ಕಂಡ ಪ್ರಾಣಿ ಕೆರೆಯ ನಡುವೆ ನಿಂತಿರುತ್ತದೆ! ಕೆರೆಯಲ್ಲಿ ನಿಂತರೆ ತಪ್ಪು ಕಣ್ಣಿಗೆ ಬೀಳುತ್ತದೆ. ಮತ್ತೊಂದು ಕಾಡಿನಲ್ಲಿ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಎಲ್ಲ ಮೊಬೈಲ್‌ಗಳನ್ನೂ ದಶಮಾಂಶ ಡಿಗ್ರಿ ಮತ್ತು ಡಬ್ಲ್ಯೂಜಿಎಸ್ 84 (ಜಿಪಿಎಸ್ ಬಳಸುವ ಸ್ಥಳನಿರ್ದೇಶನ ಪದ್ಧತಿ) ಪದ್ಧತಿಗೆ ಹೊಂದಿಸಿ, ಅಂಕಿಗಳನ್ನು ಕೈಯಿಂದ ಮರುಬರೆಯದೆ ಕಡತವನ್ನೇ ವರ್ಗಾಯಿಸುವ ರೂಢಿ ಮಾಡಿಸಿ. ದಶಮಾಂಶದ ಐದನೆಯ ಸ್ಥಾನ ಸುಮಾರು ಒಂದು ಮೀಟರ್ ಅಂತರವನ್ನು ಸೂಚಿಸುತ್ತದೆ. ದಟ್ಟ ಮರಗಳ ಕೆಳಗೆ ಮೊಬೈಲ್ ಅದಕ್ಕಿಂತ ಎಷ್ಟೋ ಹೆಚ್ಚು ತಪ್ಪುವುದರಿಂದ ಅದರಾಚೆಗಿನ ಅಂಕಿಗಳಿಂದ ಪ್ರಯೋಜನವಿಲ್ಲ.

ನಡೆದ ದಾರಿಯನ್ನೂ ದಾಖಲಿಸಲು ಹೇಳಿ. ಬಿಂದುಗಳಿಲ್ಲದ ಜಾಗದಲ್ಲಿ ಉರುಳುಗಳಿಲ್ಲವೆಂದೇ ಅರ್ಥವಲ್ಲ, ಅಲ್ಲಿಗೆ ಯಾರೂ ಹೋಗದೆಯೂ ಇರಬಹುದು. ಒಂದು ಕಿಲೋಮೀಟರ್ ನಡಿಗೆಗೆ ಎಷ್ಟು ಉರುಳುಗಳು ಸಿಕ್ಕವು ಎಂದು ಲೆಕ್ಕ ಹಾಕಿದರೆ ಮಾತ್ರ ಎರಡು ಪ್ರದೇಶಗಳನ್ನು ಹೋಲಿಸಲು ಸಾಧ್ಯ.

ಖಡ್ಗಮೃಗದಂಥ ಪ್ರಾಣಿಗಳ ನಿಖರ ಠಾವು ಕಳ್ಳಬೇಟೆಗಾರರಿಗೆ ಆಹ್ವಾನವಿದ್ದಂತೆ. ಹೊರಗೆ ಕೊಡುವ ನಕ್ಷೆಯಲ್ಲಿ ಬಿಂದುಗಳ ಬದಲು ಹತ್ತು ಕಿಲೋಮೀಟರ್ ಚೌಕಗಳನ್ನಷ್ಟೇ ತೋರಿಸಿ, ಛಾಯಾಚಿತ್ರಗಳೊಳಗೆ ಅಡಗಿರುವ ಸ್ಥಳಮಾಹಿತಿಯನ್ನು ಅಳಿಸಿ. ಮೂಲ ದತ್ತಾಂಶವೂ ಅದರ ಪಾಸ್‌ವರ್ಡ್ ಕೂಡ ತರಬೇತಿ ನೀಡಿದ ಹೊರಗಿನವರಲ್ಲಿ ಉಳಿಯದೆ ಸ್ಥಳೀಯ ತಂಡದ ವಶದಲ್ಲಿರಲಿ.

ಕಡೆಗೆ, ತಯಾರಾದ ನಕ್ಷೆಯನ್ನು ದೊಡ್ಡ ಕಾಗದದಲ್ಲಿ ಮುದ್ರಿಸಿ ಗಸ್ತು ಶಿಬಿರದ ಒಳಗೋಡೆಗೆ ತೂಗುಹಾಕಿ, ಪಕ್ಕದಲ್ಲೊಂದು ಪೆನ್ಸಿಲ್ ಕಟ್ಟಿಡಿ. ಹಳ್ಳದ ಹೆಸರು ತಪ್ಪಾಗಿದೆ, ಈ ದಾರಿ ಮುಚ್ಚಿಹೋಗಿದೆ ಎಂದು ಸಿಬ್ಬಂದಿ ಗೀಚಿದ ತಿದ್ದುಪಡಿಗಳನ್ನು ಮುಂದಿನ ತಿಂಗಳ ಮುದ್ರಣಕ್ಕೆ ಮೊದಲು ಅವರೇ ಕಂಪ್ಯೂಟರಿಗೆ ಸೇರಿಸಲಿ.