ಜನವರಿ ಕೊನೆಯ ಕುಮಾರ ಪರ್ವತದಲ್ಲಿ ನೀರು ಹುಡುಕಿದ್ದು

ಕುಮಾರ ಪರ್ವತಕ್ಕೆ ಬೆಂಗಳೂರಿನವರು ಜಾಸ್ತಿ ಹೋಗುವುದು ಮಳೆ ಮುಗಿದ ಹೊಸತರಲ್ಲಿ. ಆಗ ಹುಲ್ಲು ಹಸಿರು, ಹಳ್ಳದಲ್ಲಿ ನೀರು. ನಮ್ಮ ಗುಂಪಿಗೆ ರಜೆ ಹೊಂದಿದ್ದು ಜನವರಿ ಕೊನೆಗೆ. ಇನ್ನೂ ತಡವಾದರೆ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ದಾರಿಯನ್ನೇ ಮುಚ್ಚುತ್ತದೆ.

ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ಸು, ಬೆಳಗ್ಗೆ ಕುಕ್ಕೆ. ಶಿಖರ 1,712 ಮೀಟರ್. ಕುಕ್ಕೆ ಕಡೆಯಿಂದ ಹತ್ತಿದರೆ ಒಂದೂವರೆ ಸಾವಿರ ಮೀಟರಿಗೂ ಜಾಸ್ತಿ ಏರು. ದಾರಿ ಮಧ್ಯೆ ಸಿಗುವ ಭಟ್ಟರ ಮನೆವರೆಗೆ ಕಾಡು, ನೆರಳು, ನೀರಿಗೂ ಚಿಂತೆಯಿಲ್ಲ. ಆಮೇಲೆ ಬೋಳು ಹುಲ್ಲುಗುಡ್ಡ. ನೀರು ಸಿಗುವುದು ಕೆಳಗೆ, ಬೇಕಾಗುವುದು ಮೇಲೆ!

ಆ ಗುಡ್ಡದ ದಾರಿಯಲ್ಲಿರುವ ಕಲ್ಲು ಮಂಟಪದ ಹತ್ತಿರ ನೀರಿದೆ ಅಂತ ಹೋಗಿ ಬಂದವರೆಲ್ಲ ಹೇಳುತ್ತಾರೆ. ಯಾವ ತಿಂಗಳಲ್ಲಿ ನೋಡಿದ್ದು ಅಂತ ಮಾತ್ರ ಹೇಳಲ್ಲ. ಅದಕ್ಕೇ ನಾನು ಅಲ್ಲಿಯ ಜನರನ್ನು ಕೇಳದೆ ಹತ್ತುವುದಿಲ್ಲ. "ಅಣ್ಣ, ಮಂಟಪದ ಹತ್ರ ನೀರಿದೆಯಾ?" ಅಂತ ಅಲ್ಲಿಯವರೊಬ್ಬರನ್ನು ಕೇಳಿದೆ. "ಉಂಟು ಮಾರಾಯ್ರೆ, ಆದ್ರೆ ಕೂತು ಕಾಯ್ಬೇಕು" ಅಂದರು. ಅಂದರೆ ಹರಿಯುತ್ತಿಲ್ಲ, ಜಿನುಗುತ್ತಿದೆ. ಅಷ್ಟು ಗೊತ್ತಾದರೆ ಸಾಕು. ತಲೆಗೆ ಮೂರು ಲೀಟರ್ ಕೆಳಗಿನಿಂದಲೇ ತುಂಬಿಕೊಂಡೆವು. ಬೆನ್ನಿಗೆ ಮೂರು ಕೆಜಿ ಭಾರ ಹೆಚ್ಚಿತು, ಗೊಣಗಾಟವೂ ಹೆಚ್ಚಿತು. ಅದರಲ್ಲಿ ಒಂದು ಲೀಟರ್ ಇಳಿಯುವಾಗಿನದು, ಮುಟ್ಟುವ ಹಾಗಿಲ್ಲ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಬಕೆಟ್ ಲೆಕ್ಕದಲ್ಲಿ ಸ್ನಾನ ಮಾಡಿದವರಿಗೆ ಇದೇನು ದೊಡ್ಡ ಶಿಸ್ತಲ್ಲ, ಅಲ್ವಾ?

ಮಂಟಪದ ಹತ್ತಿರ ಹಳ್ಳ ಇರಬೇಕಾದ ಕಡೆ ಬರೀ ಕಲ್ಲು, ತರಗೆಲೆ. ಇಂಥಲ್ಲಿ ಸುಮ್ನೆ ಅಲೆದರೆ ಇದ್ದ ನೀರೂ ಬೆವರಾಗಿ ಹೋಗುತ್ತದೆ. ನಿಂತು ಗುಡ್ಡವನ್ನು ನೋಡಬೇಕು. ಒಣಹುಲ್ಲಿನ ನಡುವೆ, ಎರಡು ಗುಡ್ಡ ಸೇರುವ ಮಡಿಕೆಯಲ್ಲಿ, ಕಪ್ಪು ಹಸಿರಿನ ಮರಗಳ ಗುಂಪು ಕಾಣುತ್ತದೆ. ಅದೇ ಶೋಲಾ ಕಾಡು. ಅದರ ನೆಲ ಮಳೆ ನೀರನ್ನು ಹೀರಿಕೊಂಡು, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಹಾಗಾಗಿ ಮೊದಲು ನೋಡಬೇಕಾದದ್ದು ಶೋಲಾದ ಕೆಳಅಂಚು. ಒಣಗಿದ ಹಳ್ಳದಲ್ಲೂ ನೀರು ಎಷ್ಟೋ ಸಲ ಕಲ್ಲುಗಳ ಅಡಿಯಲ್ಲಿ ಸಾಗುತ್ತಿರುತ್ತದೆ. ಹಾಸುಬಂಡೆ ಅಡ್ಡ ಬಂದ ಕಡೆ ಮೇಲಕ್ಕೆ ಬರುತ್ತದೆ.

ಬ್ಯಾಗುಗಳನ್ನು ಉಳಿದವರ ಹತ್ತಿರ ಬಿಟ್ಟು ಇಬ್ಬರೇ ಇಳಿದೆವು, ಅದೂ ದಾರಿ ಕಣ್ಣಿಗೆ ಕಾಣುವಷ್ಟು ದೂರ. ಒಂದು ಬಂಡೆಯ ಬುಡದಲ್ಲಿ ಪಾಚಿ ಹಸಿರಾಗಿತ್ತು. ಬೆರಳಿಟ್ಟರೆ ತಣ್ಣಗೆ, ಒದ್ದೆ. ಬಿರುಕಿನಿಂದ ದಾರದಷ್ಟು ನೀರು ಬಂಡೆಗೆ ಅಂಟಿಕೊಂಡೇ ಇಳಿಯುತ್ತಿತ್ತು, ಬಾಟಲಿಗೆ ಬೀಳುವಂತಿರಲಿಲ್ಲ. ಉದ್ದನೆಯ ಎಲೆಯೊಂದನ್ನು ಬಿರುಕಿಗೆ ಸಿಕ್ಕಿಸಿ, ಮೇಲೊಂದು ಕಲ್ಲಿಟ್ಟೆ. ಎಲೆಯ ತುದಿಯಿಂದ ಸಣ್ಣ ಧಾರೆಯಾಗಿ ಬೀಳತೊಡಗಿತು. ಒಂದು ಲೀಟರಿಗೆ ಹತ್ತು ನಿಮಿಷದ ಹತ್ತಿರ ಹಿಡಿಯಿತು. ಕೆಳಗಿನ ಗುಂಡಿಯಲ್ಲೂ ನೀರಿತ್ತು, ಸುತ್ತ ಕಾಟಿಯ, ಅಂದರೆ ಕಾಡುಕೋಣದ, ಗೊರಸಿನ ಗುರುತು. ಅದನ್ನು ಕಲಕಲಿಲ್ಲ, ಕೈಕಾಲೂ ತೊಳೆಯಲಿಲ್ಲ.

ಹುಲ್ಲು ಅಷ್ಟು ಒಣಗಿರುವಾಗ ಸ್ಟೌ ಹಚ್ಚಿ ನೀರು ಕುದಿಸುವ ಮಾತೇ ಇಲ್ಲ. ಹಳೇ ಕಾಟನ್ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಸೋಸಿದೆ. ಸ್ನೇಹಿತ ನಕ್ಕ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹೀಗೆ ಸೋಸಿ ಕುಡಿದೇ ಕಾಲರಾ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು ಅಂದೆ, ಸುಮ್ಮನಾದ. ಬಟ್ಟೆಯಲ್ಲಿ ಕಸ, ಹುಳ ನಿಲ್ಲುತ್ತದೆ, ಎಲ್ಲ ರೋಗಾಣುಗಳೂ ನಿಲ್ಲುವುದಿಲ್ಲ. ಅದಕ್ಕೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟೆವು. ಕೆಲವು ಪರಾವಲಂಬಿಗಳಿಗೆ ಕ್ಲೋರಿನ್ನೂ ನಾಟುವುದಿಲ್ಲ. ದನಕರು ಮೇಯುವ ಕಡೆಯ ನೀರಾದರೆ ನಾನು ಫಿಲ್ಟರ್ ಇಲ್ಲದೆ ಕುಡಿಯುವುದಿಲ್ಲ.

ಶೇಷ ಪರ್ವತ ದಾಟಿ ತುದಿ ಮುಟ್ಟುವಷ್ಟಕ್ಕೆ ಆ ನೀರು ಮುಗಿದಿತ್ತು. ಎತ್ತಿಟ್ಟ ಲೀಟರಿನ ಬೆಲೆ ಗೊತ್ತಾಗಿದ್ದು ಮಧ್ಯಾಹ್ನದ ಬಿಸಿಲಲ್ಲಿ, ಇಳಿಜಾರಿನಲ್ಲಿ. ಬೆಳಗ್ಗೆ ಜಾಸ್ತಿ ಗೊಣಗಿದವನೇ ಮೊದಲು ಮುಚ್ಚಳ ತೆಗೆದ.