ಎನ್‌ಪಿಸಿ1 ಕೋಶಗಳಿಗೆ ಫಿಲಿಪಿನ್ ಬಣ್ಣ: ನಾವು ಮಾಡುವ ರೀತಿ

ಫಿಲಿಪಿನ್ ಎಂದರೆ ಕೋಶದಲ್ಲಿರುವ ಕೊಲೆಸ್ಟೆರಾಲಿಗೆ ಅಂಟಿಕೊಂಡು ಯುವಿ ಬೆಳಕಿನಲ್ಲಿ ಹೊಳೆಯುವ ವಸ್ತು. ಈ ಬಣ್ಣ ಸರಿ ಬರಲಿಲ್ಲವೆಂದರೆ ಎಲ್ಲರೂ ಮೊದಲು ಬೈಯುವುದು ಮೈಕ್ರೋಸ್ಕೋಪನ್ನು. ತಪ್ಪು ಆಗಿರುವುದು ಸಾಮಾನ್ಯವಾಗಿ ಅದಕ್ಕೂ ನಾಲ್ಕೈದು ದಿನ ಮುಂಚೆ, ಕೋಶಗಳಿಗೆ ಊಟ ಹಾಕುವಾಗ.

ಎನ್‌ಪಿಸಿ1 ಜೀನ್ ಇರುವುದು 18ನೇ ಕ್ರೋಮೋಸೋಮಿನಲ್ಲಿ. 25 ಎಕ್ಸಾನ್ (ಪ್ರೋಟೀನಿನ ಸೂತ್ರ ಇರುವ ತುಂಡುಗಳು), 1278 ಅಮೈನೋ ಆಮ್ಲಗಳ ಪ್ರೋಟೀನು. ಎಲ್‌ಡಿಎಲ್ (ರಕ್ತದಲ್ಲಿ ಕೊಲೆಸ್ಟೆರಾಲ್ ಹೊರುವ ಕಣ) ಜೊತೆ ಒಳಗೆ ಬಂದ ಕೊಲೆಸ್ಟೆರಾಲನ್ನು ಕೋಶದ ಜೀರ್ಣಚೀಲವಾದ ಲೈಸೋಸೋಮಿನಲ್ಲಿ ಎನ್‌ಪಿಸಿ2 ಎಂಬ ಪುಟ್ಟ ಪ್ರೋಟೀನು ಹೊತ್ತು ತಂದು ಇದರ ಕೈಗೆ ಕೊಡುತ್ತದೆ, ಇದು ಅದನ್ನು ಹೊರಗೆ ಸಾಗಿಸುತ್ತದೆ. ಇಬ್ಬರಲ್ಲಿ ಯಾರು ಕೈಕೊಟ್ಟರೂ ಸರಕು ಗೋದಾಮಿನಲ್ಲೇ ಉಳಿಯುತ್ತದೆ. ಅದೇ ನೀಮನ್-ಪಿಕ್ ಸಿ ಕಾಯಿಲೆ. ನೂರರಲ್ಲಿ ಸುಮಾರು 95 ರೋಗಿಗಳಲ್ಲಿ ಕೆಟ್ಟಿರುವುದು ಎನ್‌ಪಿಸಿ1. ರೋಗ ಪತ್ತೆಗೆ ಈಗ ಮೊದಲು ರಕ್ತದ ಬಯೋಮಾರ್ಕರ್ (ರೋಗದ ಸುಳಿವು ಕೊಡುವ ವಸ್ತು), ಆಮೇಲೆ ಜೀನ್ ಓದುವ ಸೀಕ್ವೆನ್ಸಿಂಗ್. ಜೀನಿನಲ್ಲಿ ಹಿಂದೆ ಕಾಣದ ಬದಲಾವಣೆ ಸಿಕ್ಕಿ, ಅದು ರೋಗ ತರುವಂಥದ್ದೋ ಸುಮ್ಮನಿರುವಂಥದ್ದೋ ತಿಳಿಯದಾಗಲೇ ಫಿಲಿಪಿನ್ ನೆನಪಾಗುವುದು.

ಚರ್ಮದ 3 ಮಿ.ಮೀ. ಪಂಚ್ ಬಯಾಪ್ಸಿ ಸಾಕು. ಮಂಡ್ಯದಿಂದ ಮೈಸೂರಿಗೆ ತರುವುದಾದರೆ ಆ್ಯಂಟಿಬಯೋಟಿಕ್ ಹಾಕಿದ ಕಲ್ಚರ್ ಮೀಡಿಯಂನಲ್ಲಿ ಮುಳುಗಿಸಿ ಹಾಗೇ ತನ್ನಿ. ಫಾರ್ಮಲಿನ್ ಬೇಡ, ಫ್ರೀಜ್ ಮಾಡುವುದಂತೂ ಬೇಡವೇ ಬೇಡ. ಫೈಬ್ರೋಬ್ಲಾಸ್ಟ್‌ಗಳು (ನಮಗೆ ಬೇಕಾದ ಚರ್ಮದ ಕೋಶಗಳು) ಹೊರಗೆ ಹರಿದು ಬರಲು ಒಂದೆರಡು ವಾರ, ಕೆಲಸಕ್ಕೆ ಆಗುವಷ್ಟು ಬೆಳೆಯಲು ಒಟ್ಟು ತಿಂಗಳಿಂದ ಒಂದೂವರೆ ತಿಂಗಳು.

ಈಗ ಊಟ. 24 ಗುಳಿಯ ಪ್ಲೇಟಿನಲ್ಲಿ 12 ಮಿ.ಮೀ. ಕವರ್‌ಸ್ಲಿಪ್ ಇಟ್ಟು ಗುಳಿಗೆ 10,000 ಕೋಶ ಬಿತ್ತುತ್ತೇವೆ. ಒತ್ತಾಗಿ ಬಿತ್ತಿದರೆ ಕೆಲಸ ಕೆಟ್ಟಂತೆ: ತುಂಬಿ ತುಳುಕುವ ಪದರದಲ್ಲಿ ಕೋಶಗಳು ಎಲ್‌ಡಿಎಲ್ ಎಳೆದುಕೊಳ್ಳುವುದನ್ನೇ ಕಡಿಮೆ ಮಾಡುತ್ತವೆ, ರೋಗಿಯ ಕೋಶವೂ ಸರಿಯಿದ್ದಂತೆ ಕಾಣುತ್ತದೆ. ಕೋಶಗಳು ಅಂಟಿಕೊಂಡ ಮಾರನೆಯ ದಿನ ಮಾಮೂಲಿ ಸೀರಂ ತೆಗೆದು, ಲಿಪೋಪ್ರೋಟೀನ್ ತೆಗೆದ ಸೀರಂ ಶೇ. 5ರಷ್ಟು ಇರುವ ಮೀಡಿಯಂ ಹಾಕಿ ನಾಲ್ಕು ದಿನ ಉಪವಾಸ ಕೆಡವಬೇಕು. ಹಸಿದ ಕೋಶ ಎಲ್‌ಡಿಎಲ್ ಹಿಡಿಯುವ ಗ್ರಾಹಕಗಳನ್ನು (ರಿಸೆಪ್ಟರ್) ಹೆಚ್ಚಿಸಿಕೊಳ್ಳುತ್ತದೆ. ಐದನೆಯ ದಿನ ಪ್ರತಿ ಮಿ.ಲೀ.ಗೆ 50 ಮೈಕ್ರೋಗ್ರಾಂ ಎಲ್‌ಡಿಎಲ್ ಬಡಿಸಿ 24 ಗಂಟೆ ಬಿಡುವುದು. ಉಪವಾಸ ತಪ್ಪಿಸಿದರೆ ಪೂರ್ಣ ಕೆಟ್ಟ ಎನ್‌ಪಿಸಿ1 ಹೇಗೋ ಕಂಡೀತು, ಅರೆಬರೆ ಕೆಲಸ ಮಾಡುವ ರೂಪಗಳು ಕೈತಪ್ಪಿ ಹೋಗುತ್ತವೆ. ಈ ಪರೀಕ್ಷೆಗೆ ಬರುವುದೇ ಹೆಚ್ಚಾಗಿ ಅಂಥವು. ಲಿಪೋಪ್ರೋಟೀನ್ ತೆಗೆದ ಸೀರಂ ಲ್ಯಾಬಿನಲ್ಲೇ ತಯಾರಿಸುವವರು, ಬೇರ್ಪಡಿಸಲು ಹಾಕಿದ ಪೊಟ್ಯಾಸಿಯಂ ಬ್ರೋಮೈಡ್ ಉಪ್ಪನ್ನು ಡಯಾಲಿಸಿಸ್‌ನಲ್ಲಿ ಚೆನ್ನಾಗಿ ತೊಳೆಯಬೇಕು. ಉಪ್ಪು ಉಳಿದರೆ ಕೋಶಗಳು ದುಂಡಗಾಗಿ ತೇಲುತ್ತವೆ, ಉಪವಾಸಕ್ಕೆ ಸತ್ತವು ಅಂದುಕೊಂಡು ಮೋಸ ಹೋಗುತ್ತೀರಿ.

ಪ್ರತಿ ಪ್ಲೇಟಿನಲ್ಲೂ ಮೂರು ಸಾಲು ಕಡ್ಡಾಯ: ರೋಗಿ, ಆರೋಗ್ಯವಂತರು, ಮತ್ತು ಕೊನೆಯ 24 ಗಂಟೆ ಎಲ್‌ಡಿಎಲ್ ಜೊತೆಗೇ ಯು18666ಎ (ಮಿ.ಲೀ.ಗೆ 1 ಮೈಕ್ರೋಗ್ರಾಂ) ಉಂಡ ಆರೋಗ್ಯವಂತ ಕೋಶಗಳು. ಈ ಔಷಧಿ ಎನ್‌ಪಿಸಿ1ನ ಕೈ ಕಟ್ಟಿಹಾಕುತ್ತದೆ. ಈ ಮೂರನೆಯ ಸಾಲು ಹೊಳೆಯದಿದ್ದರೆ ಉಳಿದ ಎರಡನ್ನು ನೋಡುವುದೇ ದಂಡ.

ಫಿಕ್ಸ್ ಮಾಡಲು ಶೇ. 4ರ ಪ್ಯಾರಾಫಾರ್ಮಾಲ್ಡಿಹೈಡ್, 20 ನಿಮಿಷ. ಮೆಥನಾಲ್, ಅಸಿಟೋನ್, ಟ್ರೈಟಾನ್ ಯಾವುದೂ ಹತ್ತಿರ ಸುಳಿಯಬಾರದು. ಇಮ್ಯುನೋ ಸ್ಟೇನಿಂಗ್ ಅಭ್ಯಾಸ ಇರುವವರ ಕೈ ತಾನಾಗಿ, ಪೊರೆಯಲ್ಲಿ ತೂತು ಮಾಡುವ ಸೋಪಿನಂಥ ಟ್ರೈಟಾನ್ ಬಾಟಲಿ ಕಡೆ ಹೋಗುತ್ತದೆ. ನಾವು ಹುಡುಕುತ್ತಿರುವ ಕೊಲೆಸ್ಟೆರಾಲನ್ನೇ ಅದು ತೊಳೆದು ಹಾಕುತ್ತದೆ. ಪೊರೆಯಲ್ಲಿ ದಾರಿ ಮಾಡಿಕೊಳ್ಳಲು ಫಿಲಿಪಿನ್‌ಗೆ ಯಾರ ಸಹಾಯವೂ ಬೇಡ. ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್ ದ್ರಾವಣ) ಮೂರು ಸಲ ತೊಳೆದು, ಮಿ.ಲೀ.ಗೆ 1.5 ಮಿ.ಗ್ರಾಂ ಗ್ಲೈಸಿನ್ ಹತ್ತು ನಿಮಿಷ. ಇಲ್ಲದಿದ್ದರೆ ಉಳಿದ ಆಲ್ಡಿಹೈಡ್ ಹಿನ್ನೆಲೆಯನ್ನೆಲ್ಲ ಮಂಜು ಮಾಡುತ್ತದೆ.

ಫಿಲಿಪಿನ್‌ನ 5 ಮಿ.ಗ್ರಾಂ ಸೀಸೆಗೆ 200 ಮೈಕ್ರೋಲೀಟರ್ ಡಿಎಂಎಸ್‌ಒ ದ್ರಾವಕ ಹಾಕಿ, ತಲಾ 10 ಮೈಕ್ರೋಲೀಟರಿನಂತೆ ಕಪ್ಪು ಟ್ಯೂಬುಗಳಿಗೆ ಹಂಚಿ ಮೈನಸ್ 80ರಲ್ಲಿಡಿ. ಒಂದು ಟ್ಯೂಬನ್ನು, ಶೇ. 10 ಸೀರಂ ಇರುವ 5 ಮಿ.ಲೀ. ಪಿಬಿಎಸ್‌ಗೆ ಹಾಕಿದರೆ ಮಿ.ಲೀ.ಗೆ 50 ಮೈಕ್ರೋಗ್ರಾಂ ಆಯಿತು. ಗುಳಿಗೆ 200 ಮೈಕ್ರೋಲೀಟರಿನಂತೆ ಒಂದು ಪ್ಲೇಟಿಗೆ ಲೆಕ್ಕ ಸರಿ. ಮಿಕ್ಕಿದ್ದನ್ನು ಮತ್ತೆ ಫ್ರೀಜ್ ಮಾಡುವ ಜಿಪುಣತನ ಬೇಡ. ಗಾಳಿ, ಬೆಳಕು ತಾಗಿದ ಫಿಲಿಪಿನ್ ಸುಮ್ಮನೆ ಸಾಯುತ್ತದೆ, ಬಣ್ಣ ನೋಡಿ ಗೊತ್ತಾಗುವುದಿಲ್ಲ. ಬೆಂಗಳೂರಿನಿಂದ ಶನಿವಾರ ಹೊರಡುವ ಪಾರ್ಸೆಲ್ಲಿನಲ್ಲಿ ತರಿಸಲೇಬೇಡಿ. ಸೋಮವಾರಕ್ಕೆ ಡ್ರೈ ಐಸ್ ಇರುವುದಿಲ್ಲ. ಫಿಲಿಪಿನ್ ಹಾಕಿದ ಪ್ಲೇಟು ಎರಡು ಗಂಟೆ ಕತ್ತಲಲ್ಲಿ, ರೂಮಿನ ಉಷ್ಣಾಂಶದಲ್ಲಿ. ಪ್ರೋಟೋಕಾಲ್ ಬರೆದವರ ರೂಮು 22 ಡಿಗ್ರಿ ಇರುತ್ತದೆ, ಏಪ್ರಿಲ್ ಮಧ್ಯಾಹ್ನದ ಮೈಸೂರಿನದಲ್ಲ. ಎಸಿ ಇಲ್ಲದಿದ್ದರೆ ಬೆಳಿಗ್ಗೆಯೇ ಮುಗಿಸಿ.

ನ್ಯೂಕ್ಲಿಯಸ್‌ಗೆ ಡಾಪಿ, ಹೋಕ್ಸ್ಟ್ ಹಾಕಬೇಡಿ, ಎರಡೂ ಫಿಲಿಪಿನ್‌ನ ಫಿಲ್ಟರಿನಲ್ಲೇ ಹೊಳೆಯುತ್ತವೆ. ಬೇಕೇ ಬೇಕೆಂದರೆ ಪ್ರೊಪಿಡಿಯಂ ಅಯೋಡೈಡ್. ಫೋಕಸ್ ಮಾಡುವುದು ಫೇಸ್ ಕಾಂಟ್ರಾಸ್ಟ್‌ನಲ್ಲಿ. ಯುವಿ ಶಟರ್ ತೆರೆದು ಕೂತರೆ ಕೆಲವೇ ಸೆಕೆಂಡಿನಲ್ಲಿ ಬಣ್ಣ ಆರಿಹೋಗುತ್ತದೆ. ಎಕ್ಸ್‌ಪೋಷರನ್ನು ಯು18666ಎ ಸ್ಲೈಡಿನ ಮೇಲೆ ನಿಗದಿ ಮಾಡಿ, ಉಳಿದೆಲ್ಲಕ್ಕೂ ಅದೇ ಸಂಖ್ಯೆ. ಆಟೋ ಬಿಟ್ಟರೆ ಕ್ಯಾಮೆರಾ ಆರೋಗ್ಯವಂತ ಕೋಶವನ್ನೂ ರೋಗಿ ಮಾಡಿ ತೋರಿಸುತ್ತದೆ.

ಸರಿಯಿರುವ ಕೋಶದಲ್ಲಿ ಅಂಚಿನ ತೆಳು ಗೆರೆ, ಒಳಗೆ ಮಸುಕು. ರೋಗಿಯದರಲ್ಲಿ ಉದ್ದಿನ ವಡೆಯ ತೂತಿನಂತೆ ನ್ಯೂಕ್ಲಿಯಸ್ ಕಪ್ಪು, ಅದರ ಸುತ್ತ ಬೆಳ್ಳಗೆ ಹೊಳೆಯುವ ಕಾಳುಗಳ ಗುಂಪು. ಕೆಲವು ಕೋಶಗಳಲ್ಲಿ ಮಾತ್ರ ಕಾಳು ಕಂಡರೆ ‘ನೆಗೆಟಿವ್’ ಎಂದು ಬರೆದುಬಿಡಬೇಡಿ. ಸ್ಲೈಡಿನ ಹೆಸರು ಮುಚ್ಚಿ ಕನಿಷ್ಠ 100 ಕೋಶ ಎಣಿಸಿ. ನೀಮನ್-ಪಿಕ್ ಎ, ಬಿ ಕಾಯಿಲೆಗಳಲ್ಲೂ, ಒಂದು ಪ್ರತಿ ಮಾತ್ರ ಕೆಟ್ಟ ವಾಹಕರಲ್ಲೂ ಸ್ವಲ್ಪ ಹೊಳಪು ಇರಬಹುದು. ಎನ್‌ಪಿಸಿ1, ಎನ್‌ಪಿಸಿ2ಗಳಲ್ಲಿ ಯಾವುದು ಕೆಟ್ಟಿದೆ ಎಂದಂತೂ ಫಿಲಿಪಿನ್ ಹೇಳುವುದಿಲ್ಲ.

ಜೀನಿನ ವರದಿ ಜೊತೆಗಿಟ್ಟು ಓದುವಾಗ ಇನ್ನೊಂದು ಎಚ್ಚರ. ಸೋದರಮಾವ, ಅತ್ತೆ ಮಗ ಎಂದು ಸಂಬಂಧದೊಳಗೇ ಮದುವೆಯಾದ ಮನೆಗಳು ನಮ್ಮ ಕಡೆ ಉಂಟು. ಒಂದೇ ಬದಲಾವಣೆ ಎರಡೂ ಪ್ರತಿಗಳಲ್ಲಿ ಬಂದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಆದರೆ ಪ್ರೈಮರ್ (ಪಿಸಿಆರ್ ಶುರು ಮಾಡುವ ಡಿಎನ್‌ಎ ತುಣುಕು) ಕೂರುವ ಜಾಗದಲ್ಲಿ ವ್ಯತ್ಯಾಸವಿದ್ದು ಒಂದು ಪ್ರತಿ ಪಿಸಿಆರ್‌ನಲ್ಲಿ ಏಳದೇ ಹೋದರೂ, ಎಕ್ಸಾನಿನ ತುಂಡೇ ಒಂದು ಕಡೆ ಕಳಚಿಹೋಗಿದ್ದರೂ, ಸ್ಯಾಂಗರ್ ಸೀಕ್ವೆನ್ಸಿಂಗಿನ ಗೆರೆಯಲ್ಲಿ ಅದೇ ಒಂಟಿ ಶಿಖರ ಕಾಣುತ್ತದೆ. ಅಪ್ಪ, ಅಮ್ಮ ಇಬ್ಬರ ಡಿಎನ್‌ಎಯಲ್ಲೂ ಆ ಬದಲಾವಣೆ ಒಂದೊಂದು ಪ್ರತಿಯಲ್ಲಿ ಸಿಕ್ಕ ಮೇಲೆಯೇ ‘ಹೋಮೋಜೈಗಸ್’ (ಎರಡೂ ಪ್ರತಿಗಳಲ್ಲಿ ಅದೇ ಬದಲಾವಣೆ) ಎಂಬ ಪದ ಬರೆಯುತ್ತೇವೆ.