ರೂಟಿಂಗ್ ಇಲ್ಲದೆ ಒಂದು ಮಳೆಗಾಲ: ಅಡಿಕೆ ತೋಟದಲ್ಲಿ ನನ್ನ ಎಂ.ಟೆಕ್ ಪ್ರಾಜೆಕ್ಟ್

ನಮ್ಮ ಎಂ.ಟೆಕ್ ಬ್ಯಾಚಿನಲ್ಲಿ ವೈರ್‌ಲೆಸ್ ಸೆನ್ಸರ್ ನೆಟ್‌ವರ್ಕ್ ಪ್ರಾಜೆಕ್ಟ್ ಅಂದರೆ ಎನ್‌ಎಸ್2 ಅಂತಲೇ ಲೆಕ್ಕ, ನೆಟ್‌ವರ್ಕನ್ನು ಕಂಪ್ಯೂಟರಿನೊಳಗೇ ಓಡಿಸಿ ನೋಡುವ ಸಾಫ್ಟ್‌ವೇರ್ ಅದು. ನೋಡ್‌ಗಳನ್ನು ಗುಂಪು (ಕ್ಲಸ್ಟರ್) ಮಾಡಿ, ಗುಂಪಿಗೊಂದು ಹೆಡ್ ಮೂಲಕ ಡೇಟಾ ಕಳಿಸುವ ಲೀಚ್ ಅನ್ನುವ ವಿಧಾನದ ಕೋಡ್ ಇಳಿಸಿಕೊಳ್ಳುವುದು, ಆ ಹೆಡ್ ಆರಿಸುವ ಸೂತ್ರದಲ್ಲಿ ಏನೋ ಒಂದು ಸೇರಿಸುವುದು, ಆಯಸ್ಸು ಹೆಚ್ಚಿತು ಅಂತ ಗ್ರಾಫ್ ಹಾಕುವುದು. ನನಗೆ ಅದು ಬೇಡವಾಗಿತ್ತು. ಶಿರಸಿ ಕಡೆ ಮಾವನ ಅಡಿಕೆ ತೋಟವಿದೆ. ಅಲ್ಲಿ ಹನ್ನೆರಡು ನೋಡ್ (ಸೆನ್ಸರ್, ರೇಡಿಯೋ, ಬ್ಯಾಟರಿ ಸೇರಿದ ಘಟಕ) ಇಟ್ಟು, ಮಳೆಗಾಲದಲ್ಲಿ ಮರ ಎಷ್ಟು ಹೊತ್ತು ಒದ್ದೆಯಾಗಿಯೇ ಇರುತ್ತದೆ ಅಂತ ಅಳೆದೆ. ಅಡಿಕೆಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಬೇಕಾದ ಲೆಕ್ಕ ಅದೇ ಅಲ್ವಾ. ಕ್ಲಸ್ಟರ್ ಇಲ್ಲ, ಒಂದು ನೋಡ್ ಇನ್ನೊಂದರದನ್ನು ದಾಟಿಸುವ ಮಲ್ಟಿಹಾಪ್ ಇಲ್ಲ. ಪ್ರತಿ ನೋಡ್ ನೇರ ಮನೆಗೆ ಕಳಿಸುತ್ತದೆ.

"ಇದರಲ್ಲಿ ನೆಟ್‌ವರ್ಕ್ ಎಲ್ಲಿದೆಯಪ್ಪಾ?" ಅಂದರು ಗೈಡ್. ಮಳೆ ಬಿದ್ದ ಮೇಲೆ ಒಂದೂ ಉಳಿಯಲ್ಲ ಅಂದರು ಗೆಳೆಯರು. ಕಳೆದ ಮಳೆಗಾಲ ಪೂರ್ತಿ ಓಡಿತು. ಕಳಿಸಿದ ಪ್ಯಾಕೆಟ್‌ಗಳಲ್ಲಿ ನೂರಕ್ಕೆ ತೊಂಬತ್ತಾರೋ ತೊಂಬತ್ತೇಳೋ ಮನೆ ಸೇರಿದವು. ಅದಕ್ಕೇ ಬರೆಯುತ್ತಿದ್ದೇನೆ.

ಶುರು ಮಾಡಿದ್ದು ಲ್ಯಾಬಿನಲ್ಲಿದ್ದ 2.4 ಗಿಗಾಹರ್ಟ್ಸ್‌ನ ಜಿಗ್ಬೀ ರೇಡಿಯೋ ಮಾಡ್ಯೂಲ್‌ಗಳಿಂದ. ಬೇಸಿಗೆಯಲ್ಲಿ ತೋಟದೊಳಗೆ ಅರವತ್ತು ಎಪ್ಪತ್ತು ಮೀಟರ್ ಸಿಕ್ಕಿತು. ಜೂನ್ ಮಳೆ ಹಿಡಿದ ಮೇಲೆ ಇಪ್ಪತ್ತೂ ಕಷ್ಟ. 2.4 ಗಿಗಾಹರ್ಟ್ಸ್ ಅನ್ನು ಒದ್ದೆ ಸೊಪ್ಪು ಹೀರುತ್ತದೆ ಅಂತ ಪುಸ್ತಕದಲ್ಲಿ ಎಲ್ಲರೂ ಓದಿರುತ್ತೇವೆ. ಆದರೆ ಮಾವ ಮೆಣಸಿನ ಬಳ್ಳಿ, ಬಾಳೆ, ಏಲಕ್ಕಿ ಎಲ್ಲ ಒಂದರೊಳಗೊಂದು ಬೆಳೆಸಿದ ತೋಟದಲ್ಲಿ ಅದು ಎಷ್ಟು ಹೀರುತ್ತದೆ ಅಂತ ನಿಂತು ನೋಡಿದರೇ ಗೊತ್ತಾಗುವುದು.

ಆಮೇಲೆ ಕಡಿಮೆ ಶಕ್ತಿಯಲ್ಲಿ ದೂರ ಮುಟ್ಟುವ ಲೋರಾ ರೇಡಿಯೋಗೆ ಬಂದೆ. 865–867 ಮೆಗಾಹರ್ಟ್ಸ್ ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದು. ಎಸ್‌ಎಕ್ಸ್1276 ಚಿಪ್‌ನ ಮಾಡ್ಯೂಲ್, ಜೊತೆಗೆ 3.3 ವೋಲ್ಟ್, 8 ಮೆಗಾಹರ್ಟ್ಸ್‌ನ ಪ್ರೊ ಮಿನಿ ಅನ್ನುವ ಚಿಕ್ಕ ಆರ್ಡುಯಿನೋ ಬೋರ್ಡ್. ಆನ್‌ಲೈನಿನಲ್ಲಿ ಒಬ್ಬರು 868 ಅಂತ ಹೇಳಿ 433ರ ಮಾಡ್ಯೂಲ್ ಕಳಿಸಿದರು. ಚಿಪ್ ಎರಡರಲ್ಲೂ ಒಂದೇ, ಹಾಗಾಗಿ ಕೋಡ್ ಸುಮ್ನೆ ಓಡುತ್ತದೆ. ಆಂಟೆನಾ ಕಡೆಯ ಮ್ಯಾಚಿಂಗ್ ಬೇರೆ, ಅಂಗಳ ದಾಟುವುದಿಲ್ಲ. ಹತ್ತಿರ ಹತ್ತಿರ ಎರಡು ಸಾವಿರ ಹೋಯಿತು. ಆಂಟೆನಾಗೆ ಹಣ ಹಾಕಬೇಡಿ. ಮನೆ ವೈರಿಂಗ್‌ನ ತಾಮ್ರದ ತಂತಿ 8.6 ಸೆಂಟಿಮೀಟರ್ ಕತ್ತರಿಸಿದರೆ ಸಾಕು.

ಈ ಪ್ರಾಜೆಕ್ಟಿನ ಜೀವ ಇದ್ದದ್ದು ರೇಡಿಯೋದಲ್ಲಲ್ಲ, ನಿದ್ದೆಯ ಕರೆಂಟಿನಲ್ಲಿ. ಅಂಗಡಿಯಿಂದ ತಂದ ಪ್ರೊ ಮಿನಿ ಮಲಗಿದಾಗಲೂ ಎರಡು ಮಿಲಿಆಂಪ್ ಆಸುಪಾಸು ತಿನ್ನುತ್ತದೆ. 1500 ಮಿಲಿಆಂಪ್-ಅವರ್ ಸೆಲ್ ಹಾಕಿದರೆ ಒಂದು ತಿಂಗಳಿಗೆ ಮುಗಿಯಿತು. ಪವರ್ ಎಲ್‌ಇಡಿ ಕಿತ್ತೆ, ವೋಲ್ಟೇಜ್ ಹಿಡಿದಿಡುವ ರೆಗ್ಯುಲೇಟರ್ ಕಿತ್ತೆ. ಎಚ್ಚರದ ಟೈಮರ್ ಸೇರಿ ಐದಾರು ಮೈಕ್ರೋಆಂಪಿಗೆ ಬಂತು.

ಇದನ್ನು ಮಲ್ಟಿಮೀಟರಿನಲ್ಲಿ ಅಳೆಯಲು ಹೋದರೆ ಪೇಚು. ಮೈಕ್ರೋಆಂಪ್ ರೇಂಜಿನಲ್ಲಿ ಮೀಟರೇ ವೋಲ್ಟೇಜ್ ತಿಂದುಬಿಡುತ್ತದೆ, ನೋಡ್ ಪ್ಯಾಕೆಟ್ ಕಳಿಸಲು ಎದ್ದ ಕೂಡಲೇ ರೀಸೆಟ್. ನಾನು ಮಾಡಿದ್ದು ಇಷ್ಟು. 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಅನ್ನು 3.3ಕ್ಕೆ ತುಂಬಿಸಿ, ಮಲಗಿದ ನೋಡನ್ನು ಅದರ ಮೇಲೆ ಓಡಿಸಿ, ಸಪ್ಲೈ ತೆಗೆದೆ. 100 ಸೆಕೆಂಡಿಗೆ 0.1 ವೋಲ್ಟ್ ಇಳಿದರೆ ಸುಮಾರು 5 ಮೈಕ್ರೋಆಂಪ್. ಮೊದಲು ಬರೀ ಕೆಪಾಸಿಟರಿನ ಸೋರಿಕೆ ನೋಡಿಕೊಂಡು ಅದನ್ನು ಕಳೆಯಬೇಕು. ಮೀಟರನ್ನು ಶುರುವಿಗೊಮ್ಮೆ, ಕೊನೆಗೊಮ್ಮೆ ಮುಟ್ಟಿಸಿ ತೆಗೆಯಬೇಕು, ಹಚ್ಚಿಯೇ ಇಟ್ಟರೆ ಅದೂ ಕುಡಿಯುತ್ತದೆ. ಮೂವತ್ತು ರೂಪಾಯಿ ಖರ್ಚು. ನಮ್ಮ ಲ್ಯಾಬಿನಲ್ಲಿ ಈಗ ಎಲ್ಲರೂ ಹೀಗೇ ಅಳೆಯುತ್ತಾರೆ.

ರೆಗ್ಯುಲೇಟರ್ ಇಲ್ಲದೆ ಹೇಗೆ ಅಂತ ಕೇಳುವಿರಿ. ಮಾಮೂಲಿ ಲಿಥಿಯಂ-ಅಯಾನ್ ತುಂಬಿದಾಗ 4.2 ವೋಲ್ಟ್, ಎಸ್‌ಎಕ್ಸ್1276ರ ಮಿತಿ 3.7. ಅದಕ್ಕೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಹಿಡಿದೆ. ಚಾರ್ಜರಿನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ 3.4ರ ಹತ್ತಿರ ಕೂರುತ್ತದೆ, ಆಮೇಲೆ ಬಹುಪಾಲು 3.2ರಲ್ಲೇ ನಿಲ್ಲುತ್ತದೆ. ನೇರ ಕೂಡಿಸಿದರಾಯಿತು. ಹದಿನೈದು ನಿಮಿಷಕ್ಕೊಂದು ಪ್ಯಾಕೆಟ್, ಎಸ್‌ಎಫ್ 9 (ಸ್ಪ್ರೆಡಿಂಗ್ ಫ್ಯಾಕ್ಟರ್; ಏರಿಸಿದಷ್ಟು ದೂರ ಮುಟ್ಟುತ್ತದೆ, ಆದರೆ ಕಳಿಸಲು ಹೆಚ್ಚು ಹೊತ್ತು). ಸೆನ್ಸರ್ ಎಲ್ಲ ಸೇರಿಸಿ ಸರಾಸರಿ ನಲವತ್ತು ಮೈಕ್ರೋಆಂಪ್. ಕಾಗದದ ಮೇಲೆ ನಾಲ್ಕು ವರ್ಷ. ಅದರಲ್ಲಿ ಅರ್ಧ ಬಂದರೂ ನನಗೆ ಸಾಕು.

ಪೆಟ್ಟಿಗೆಯದು ದೊಡ್ಡ ಕಥೆ. ಐಪಿ65 (ಧೂಳು-ನೀರು ಒಳಹೋಗದು) ಅಂತ ಬರೆದಿದ್ದ ಪ್ಲಾಸ್ಟಿಕ್ ಡಬ್ಬಿಗಳು ಮೊದಲ ವರ್ಷ ಆಷಾಢ ದಾಟಲಿಲ್ಲ. ಹಗಲು ಬಿಸಿಯಾಗಿ ರಾತ್ರಿ ತಣ್ಣಗಾದಾಗ ಡಬ್ಬಿ ತೇವದ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಆ ನೀರು ಹೊರಗೆ ಬರುವುದಿಲ್ಲ. ಉಸಿರಾಡಲಿ ಅಂತ ತೂತು ಬಿಟ್ಟದ್ದಕ್ಕೆ ಇರುವೆ ಗೂಡು ಕಟ್ಟಿತು. ಹೊರಗೆ ಕಂಡ ಆಂಟೆನಾಗಳನ್ನು ಮಂಗಗಳು ಕಿತ್ತವು. "ಎಂತದಾ ಮಾಣಿ, ಮಂಗಕ್ಕೆ ಆಟದ ಸಾಮಾನು ಕಟ್ಟಿದ್ಯಾ?" ಅಂದರು ಮಾವ. ಕೊನೆಗೆ ನಿಂತದ್ದು ನಲ್ಲಿ ಅಂಗಡಿಯ ಪಿವಿಸಿ ಪೈಪು. ಮೇಲೆ ಅಂಟಿಸಿದ ಮುಚ್ಚಳ, ಆಂಟೆನಾ ಒಳಗೇ, ಕೆಳಬಾಯಿ ತೆರೆದು ನೇತುಹಾಕಿದ್ದು, ಬೋರ್ಡಿಗೆ ಲೇಪನ. ಲೇಪನ ಯಾವುದು, ಕೆಳಬಾಯಿಗೆ ಇರುವೆ ಬಾರದ ಹಾಗೆ ಏನು ತುಂಬಿದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಗುಡ್ಡದ ತಿರುವಿನ ಆಚೆಯ ಒಂದು ನೋಡ್ ಕೇಳಿಸುತ್ತಲೇ ಇರಲಿಲ್ಲ. ಎಸ್‌ಎಫ್ 12 ಮಾಡು ಅಂದವರು ಬಹಳ. ಮನೆಯಲ್ಲಿರುವುದು ಒಂದೇ ಚಾನೆಲ್ಲಿನ ರಿಸೀವರ್, ಒಂದು ಸಲಕ್ಕೆ ಒಂದೇ ಎಸ್‌ಎಫ್ ಕೇಳುತ್ತದೆ. ಎಲ್ಲವನ್ನೂ ಹನ್ನೆರಡಕ್ಕೆ ಏರಿಸಿದರೆ ಪ್ಯಾಕೆಟ್ಟಿಗೆ ಒಂದು ಸೆಕೆಂಡಿಗೂ ಜಾಸ್ತಿ ಗಾಳಿಯಲ್ಲಿ. ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡರ ಕೈಯಲ್ಲಿ ಆ ನೋಡನ್ನು ಮೇಲೆ ಕಟ್ಟಿಸಿದೆ. ಅಂದಿನಿಂದ ಅದೇ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸುತ್ತದೆ.

ಗಾಳಿಯ ತೇವಾಂಶದ ಸೆನ್ಸರ್ ಇಲ್ಲಿ ದಂಡ. ಜುಲೈಯಲ್ಲಿ ಯಾವಾಗ ನೋಡಿದರೂ ನೂರಕ್ಕೆ 95ರ ಮೇಲೆ. ಬಾಚಣಿಗೆಯಂತೆ ತಾಮ್ರದ ಗೆರೆ ಕೊರೆದ ಪಿಸಿಬಿಯೇ (ಸರ್ಕ್ಯೂಟ್ ಹಲಗೆ) ಒದ್ದೆ-ಒಣ ಸರಿಯಾಗಿ ಹೇಳುವುದು. ಆದರೆ ಕೊಳೆರೋಗದ ಮದ್ದಾದ ಬೋರ್ಡೋ ದ್ರಾವಣ ಹೊಡೆದ ದಿನ ಅದರ ಮೇಲೆ ಮೈಲುತುತ್ತ-ಸುಣ್ಣದ ಪದರ ಕೂತು, ಒಣಗಿದ ಮೇಲೂ ಒದ್ದೆ ಅಂತಲೇ ತೋರಿಸಿತು. ಈಗ ಮದ್ದು ಹೊಡೆಯುವ ಮುಂಚೆ ಪಿಸಿಬಿಗಳಿಗೆ ಕೊಟ್ಟೆ (ಚೀಲ) ಕಟ್ಟುತ್ತೇವೆ. ನಡುವೆ ಇನ್ನೊಂದು ಆಟ ಆಡಿದೆ. ಸಿಗ್ನಲ್ ಬಲ ನೋಡಿಯೇ ಮಳೆ ಹೇಳಬಹುದಾ ಅಂತ. ಜೋರು ಮಳೆಗೆ ದೂರದ ನೋಡ್‌ಗಳಲ್ಲಿ ಬಲ ಆರೇಳು ಡಿಬಿ (ಡೆಸಿಬೆಲ್) ಇಳಿಯುತ್ತದೆ, ಸೊಪ್ಪು ಆರಿದಂತೆ ನಿಧಾನಕ್ಕೆ ಏರುತ್ತದೆ. ಸೆನ್ಸರೇ ಇಲ್ಲದ ಸೆನ್ಸರ್. ಇದನ್ನು ಇನ್ನೂ ಬಿಟ್ಟಿಲ್ಲ.

ಈಗ ನೆಟ್‌ವರ್ಕ್ ಎಲ್ಲಿದೆ ಅನ್ನುವ ಗೈಡ್ ಪ್ರಶ್ನೆಗೆ. ವೈವಾದಲ್ಲಿ ಹೊರಗಿನ ಪರೀಕ್ಷಕರೂ ಅದನ್ನೇ ಕೇಳಿದರು. 2000ದಲ್ಲಿ ಎಂಐಟಿಯಿಂದ ಬಂದ ಲೀಚ್, ಪ್ರತಿ ನೋಡ್ ಶಕ್ತಿ ಏರಿಸಿ ಬೇಸ್ ಸ್ಟೇಷನ್ ಮುಟ್ಟಬಲ್ಲದು ಅಂತಲೇ ಹಿಡಿದು ಹೊರಡುತ್ತದೆ. ನನ್ನ ನೋಡ್‌ಗಳು ನಿಜವಾಗಿ ಮುಟ್ಟುತ್ತವೆ. ಮತ್ತೆ ಹೆಡ್ ಯಾಕೆ? ಹೆಡ್ ಆದ ನೋಡ್ ಉಳಿದವುಗಳನ್ನು ಕೇಳುತ್ತಾ ಎದ್ದಿರಬೇಕು. ಎಸ್‌ಎಕ್ಸ್1276 ಸುಮ್ನೆ ಕೇಳುತ್ತಾ ಕೂತರೆ ಹನ್ನೊಂದು ಮಿಲಿಆಂಪ್. ನನ್ನ ಸೆಲ್ ಆರು ದಿನಕ್ಕೆ ಖಾಲಿ. ಕಳಿಸುವುದಕ್ಕಿಂತ ಕೇಳುವುದೇ ದುಬಾರಿ. ಎರಡು ಪ್ಯಾಕೆಟ್ ಒಂದೇ ಹೊತ್ತಿಗೆ ಬಂದು ಕೆಡುವ ಡಿಕ್ಕಿಯ ಲೆಕ್ಕವನ್ನೂ ಬೋರ್ಡಿನ ಮೇಲೆ ಬರೆದೆ. ಪ್ಯಾಕೆಟ್ 0.2 ಸೆಕೆಂಡ್, ನೋಡ್ ಹನ್ನೆರಡು, ಅವಧಿ 900 ಸೆಕೆಂಡ್. ಎಲ್ಲರೂ ತಮಗೆ ಬೇಕಾದಾಗ ಕಳಿಸುವ, ಹವಾಯಿಯವರ ಹಳೇ ಅಲೋಹಾ ರೇಡಿಯೋ ನೆಟ್‌ವರ್ಕಿನ ಲೆಕ್ಕದಲ್ಲಿ ಡಿಕ್ಕಿ ನೂರಕ್ಕೆ ಅರ್ಧ. ಕಳೆದುಹೋದ ಉಳಿದ ಪ್ಯಾಕೆಟ್‌ಗಳಲ್ಲಿ ಹೆಚ್ಚಿನವು ಮನೆಯಲ್ಲಿ ಕರೆಂಟ್ ಹೋಗಿ ರಿಸೀವರ್ ಆರಿದಾಗಿನವು. ಪರೀಕ್ಷಕರು ಲಾಗ್ ಫೈಲ್ ತಿರುವಿ ನೋಡಿ, ಬೇರೇನೂ ಕೇಳಲಿಲ್ಲ.

ಹಣದ ವಿಷಯ. ನೋಡ್ ಒಂದಕ್ಕೆ ಸಾವಿರದ ಒಳಗೆ. ರೇಡಿಯೋ ನಾನ್ನೂರು, ಪ್ರೊ ಮಿನಿ ಮತ್ತು ಸೆಲ್ ಇನ್ನೂರರ ಹಾಗೆ, ಪೈಪು-ಮುಚ್ಚಳ ಅರವತ್ತು. ಬಿಸಾಡಿದ್ದೂ ಸೇರಿ ಇಪ್ಪತ್ತು ಸಾವಿರ ದಾಟಿರಬಹುದು. ಗೇಟ್ ಪರೀಕ್ಷೆ ಪಾಸಾದವರಿಗೆ ಕೊಡುವ ಸ್ಟೈಪೆಂಡ್ ತಿಂಗಳಿಗೆ 12,400 ಬರುತ್ತಿತ್ತು, ಅದರಲ್ಲೇ ಉಳಿಸಿ ಹಾಕಿದೆ.

ಎರಡನೇ ಮದ್ದು ಯಾವಾಗ ಅಂತ ಮಾವ ಈ ಸಲ ಒದ್ದೆಯ ಗಂಟೆ ನೋಡಿಯೇ ತೀರ್ಮಾನಿಸಿದರು. ಪಕ್ಕದ ಎರಡು ತೋಟದವರೂ ಕೇಳಿದ್ದಾರೆ. ಎಲ್ಲ ಸೇರಿ ನಲವತ್ತು ನೋಡ್ ಆಗಬಹುದು. ಡಿಕ್ಕಿ ಆಗಲೂ ನೂರಕ್ಕೆ ಎರಡು ದಾಟುವುದಿಲ್ಲ. ರಿಸೀವರಿಗೆ ಬೈಕಿನ ಹಳೇ 12 ವೋಲ್ಟ್ ಬ್ಯಾಟರಿ ಕಟ್ಟುವುದು ಮುಂದಿನ ಕೆಲಸ.